ಜೆಟ್ ಬೋಟ್ ದಕ್ಕೆಯ ಬಳಿ ಮಾತು ಕೇಳುವುದಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಕೋಡಿಬೆಂಗ್ರೆ ಕಡೆಯವನು. ಚಿಕ್ಕಂದಿನಿಂದಲೂ ಹಿಂಬದಿಗೆ ಹೊರಗಿನಿಂದ ಕೂರಿಸುವ ಔಟ್‌ಬೋರ್ಡ್ ಎಂಜಿನ್‌ನ ದೋಣಿ ನಡೆಸಿ ರೂಢಿ. ಪ್ರವಾಸಿಗರನ್ನು ಸುವರ್ಣಾ ಹೊಳೆಯಲ್ಲಿ ಸುತ್ತಾಡಿಸಲು ಈಚೆಗೆ ಒಂದು ಹಳೆಯ ಜೆಟ್ ಬೋಟ್ ಕೊಂಡೆ. ಒಂದೇ ಎಂಜಿನ್, ಆರು ಮಂದಿ ಕೂರಬಹುದು. ವೇಗದಲ್ಲಿ ಹೇಳಿದ ಹಾಗೆ ತಿರುಗುತ್ತದೆ. ನಿಧಾನ ಮಾಡಿದ ಕೂಡಲೇ ಮೂತಿ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ಅಲೆಯುತ್ತದೆ. ಕಳೆದ ವಾರ ದಕ್ಕೆ (ದೋಣಿ ನಿಲ್ಲಿಸುವ ಕಟ್ಟೆ) ನನ್ನ ಎಡಕ್ಕಿತ್ತು. ನಿಲ್ಲಿಸಲು ರಿವರ್ಸ್ ಹಾಕಿ, ಹಿಂಭಾಗ ದಕ್ಕೆಗೆ ಬರಲೆಂದು ಸ್ಟಿಯರಿಂಗ್ ಎಡಕ್ಕೆ ತಿರುಗಿಸಿದೆ. ಹಿಂಭಾಗ ಹೊಳೆಯ ಕಡೆಗೆ ಚಾಚಿತು, ಮೂತಿ ದಕ್ಕೆಗೆ ಗುದ್ದಿತು. ಹಿಂದೆ ಒಂದು ರೆಕ್ಕೆ ಕೂರಿಸಿದರೆ ಸರಿಹೋಗುತ್ತದೆ ಎಂದು ಪರಿಚಯದವರು ಹೇಳುತ್ತಿದ್ದಾರೆ. ಬೋಟ್‌ನಲ್ಲಿ ದೋಷವಿದೆಯೇ? ರೆಕ್ಕೆ ಹಾಕಿಸಲೇ?

ಉತ್ತರ: ನೀವು ಆ ಘಟನೆಯನ್ನು ವಿವರವಾಗಿ ಬರೆದದ್ದು ಒಳ್ಳೆಯದಾಯಿತು. ದಕ್ಕೆ ಯಾವ ಕಡೆಗಿತ್ತು, ಸ್ಟಿಯರಿಂಗ್ ಯಾವ ಕಡೆಗೆ ತಿರುಗಿಸಿದಿರಿ, ಹಿಂಭಾಗ ಎತ್ತ ಹೋಯಿತು ಎಂಬ ಮೂರೂ ಗೊತ್ತಾದರೆ ಕಾರಣ ಹುಡುಕಲು ಕಷ್ಟವಿಲ್ಲ. ಆ ಗಳಿಗೆಯಲ್ಲಿ ನಿಮ್ಮ ಬೋಟ್ ತನ್ನ ಜಾತಿಗೆ ತಕ್ಕ ಹಾಗೆಯೇ ನಡೆದುಕೊಂಡಿದೆ. ನಿಮ್ಮ ಕೈ ಮಾತ್ರ ಔಟ್‌ಬೋರ್ಡ್‌ನ ಲೆಕ್ಕದಲ್ಲಿ ಕೆಲಸ ಮಾಡಿತು. ಎಷ್ಟೋ ವರ್ಷ ಹೊಳೆಯಲ್ಲಿ ಪಳಗಿದವರಿಗೇ ಈ ತೊಂದರೆ ಹೆಚ್ಚು, ಏಕೆಂದರೆ ಅವರ ಕೈ ಯೋಚನೆಗಿಂತ ಮೊದಲು ಓಡುತ್ತದೆ. ಮಂಗಳೂರಿನಲ್ಲಿ ನನ್ನ ಬಳಿ ಜೆಟ್ ಬೋಟ್ ಕಲಿಯಲು ಬಂದವರಲ್ಲಿ ಹೊಸಬರಿಗಿಂತ ಹಳಬರಿಗೇ ಮೊದಲ ದಿನ ಕಷ್ಟವಾಗುವುದನ್ನು ನೋಡಿದ್ದೇನೆ. ಹಾಗೆಂದು ಬೋಟ್‌ನಲ್ಲಿ ದೋಷವೇ ಇಲ್ಲ ಎಂದೂ ಹೇಳಲಾರೆ. ಹಳೆಯ ಬೋಟ್ ಎಂದಿದ್ದೀರಿ, ಅದರ ಹಿಂಭಾಗದಲ್ಲಿ ನೋಡಲೇಬೇಕಾದ ಕೆಲವು ಜಾಗಗಳಿವೆ. ಮೊದಲು ಅದು ತಿರುಗುವ ಬಗೆಯನ್ನು ತಿಳಿದುಕೊಳ್ಳೋಣ.

ಔಟ್‌ಬೋರ್ಡ್‌ನಲ್ಲಿ ನೀರಿನೊಳಗೆ ಇಳಿದ ಒಂದು ಕಾಲು ಇದೆ. ಎಂಜಿನ್ ಬಂದ್ ಮಾಡಿದರೂ ದೋಣಿ ಮುಂದಕ್ಕೆ ಸರಿಯುತ್ತಿರುವಷ್ಟು ಹೊತ್ತು ಆ ಕಾಲು ಚುಕ್ಕಾಣಿಯ ಹಾಗೆ ನೀರನ್ನು ಸೀಳಿ ಸ್ವಲ್ಪವಾದರೂ ದಿಕ್ಕು ಬದಲಿಸುತ್ತದೆ. ಜೆಟ್ ಬೋಟ್‌ಗೆ ಅಂಥ ಕಾಲಿಲ್ಲ. ತಳದಲ್ಲಿರುವ ಜಾಲರಿಯ ಮೂಲಕ ನೀರು ಒಳಗೆ ಬರುತ್ತದೆ, ಒಳಗೆ ತಿರುಗುವ ಇಂಪೆಲ್ಲರ್ ಎಂಬ ಅಲಗಿನ ಚಕ್ರ ಅದನ್ನು ತಳ್ಳುತ್ತದೆ, ಹಿಂದಿನ ಕಿರಿದಾದ ನಾಜಲ್‌ನಿಂದ ನೀರು ರಭಸವಾಗಿ ಹೊರಗೆ ಚಿಮ್ಮುತ್ತದೆ. ಸ್ಟಿಯರಿಂಗ್ ತಿರುಗಿಸಿದಾಗ ಆ ನಾಜಲ್ ಎಡಕ್ಕೋ ಬಲಕ್ಕೋ ಸುಮಾರು 20ರಿಂದ 30 ಡಿಗ್ರಿ ಹೊರಳುತ್ತದೆ, ಅಷ್ಟೇ. ನೀರು ಎಡಕ್ಕೆ ಚಿಮ್ಮಿದರೆ ಹಿಂಭಾಗ ಬಲಕ್ಕೆ ಹೋಗುತ್ತದೆ, ಮೂತಿ ಎಡಕ್ಕೆ ತಿರುಗುತ್ತದೆ. ನೀರು ಚಿಮ್ಮದಿದ್ದರೆ ನಾಜಲ್ ಯಾವ ಕಡೆಗೆ ಮುಖ ಮಾಡಿದರೂ ಬೋಟ್‌ಗೆ ಅದರ ಪರಿವೆಯೇ ಇರುವುದಿಲ್ಲ. ನಿಧಾನ ಮಾಡಬೇಕೆಂದು ನೀವು ಥ್ರಾಟಲ್ ಪೂರ್ತಿ ಬಿಟ್ಟ ಕ್ಷಣದಲ್ಲಿ ವೇಗದ ಜೊತೆಗೆ ಸ್ಟಿಯರಿಂಗನ್ನೂ ಕಳೆದುಕೊಳ್ಳುತ್ತೀರಿ. ಬೋಟ್ ಮಾತ್ರ ಹಳೆಯ ದಿಕ್ಕಿನಲ್ಲೇ ಜಾರುತ್ತ ಹೋಗುತ್ತದೆ.

ಹಾಗಾಗಿ ಜೆಟ್ ಬೋಟ್ ನಡೆಸುವವರು ಮೊದಲು ಬದಲಿಸಿಕೊಳ್ಳಬೇಕಾದ ಅಭ್ಯಾಸ ಇದು: ದಕ್ಕೆಯ ಬಳಿ ವೇಗವನ್ನು ಥ್ರಾಟಲ್‌ನಿಂದ ಅಲ್ಲ, ಬಕೆಟ್‌ನಿಂದ ಹಿಡಿತದಲ್ಲಿಡಬೇಕು. ಬಕೆಟ್ ಎಂದರೆ ನಾಜಲ್‌ನ ಹಿಂದೆ ಕೆಳಗೆ ಇಳಿದು ನೀರನ್ನು ಮುಂದಕ್ಕೆ ತಿರುಗಿಸುವ ಲೋಹದ ತಟ್ಟೆ. ಇಂಥ ಸಣ್ಣ ಬೋಟ್‌ಗಳಲ್ಲಿ ಸಾಮಾನ್ಯವಾಗಿ ಗೇರ್‌ಬಾಕ್ಸ್ ಇರುವುದಿಲ್ಲ. ಎಂಜಿನ್ ಓಡುತ್ತಿದ್ದರೆ ಇಂಪೆಲ್ಲರ್ ತಿರುಗುತ್ತಲೇ ಇರುತ್ತದೆ, ಅದೂ ಯಾವಾಗಲೂ ಒಂದೇ ದಿಕ್ಕಿಗೆ. ಬಕೆಟ್ ಪೂರ್ತಿ ಮೇಲಿದ್ದರೆ ಬೋಟ್ ಮುಂದಕ್ಕೆ, ಪೂರ್ತಿ ಕೆಳಗಿದ್ದರೆ ಹಿಂದಕ್ಕೆ. ನಡುವೆ ನಿಂತರೆ ಅರ್ಧ ನೀರು ಹಿಂದಕ್ಕೂ ಅರ್ಧ ನೀರು ಮುಂದಕ್ಕೂ ಹೋಗಿ ಎರಡೂ ಬಲ ಸರಿದೂಗುತ್ತವೆ. ಜೆಟ್‌ನಲ್ಲಿ ನ್ಯೂಟ್ರಲ್ ಎನ್ನುವುದು ಇದನ್ನೇ. ಬೋಟ್ ನಿಂತಿದ್ದರೂ ಹಿಂದೆ ನೀರು ಚಿಮ್ಮುತ್ತಲೇ ಇರುತ್ತದೆ. ಆ ನೀರನ್ನು ಸ್ಟಿಯರಿಂಗ್ ಎಡಬಲಕ್ಕೆ ತಿರುಗಿಸಬಲ್ಲುದು. ಮುಂದಕ್ಕೂ ಹೋಗದೆ ಹಿಂದಕ್ಕೂ ಹೋಗದೆ ಬೋಟ್ ನಿಂತಲ್ಲೇ ಸುತ್ತು ಹೊಡೆಯುವುದು ಇದರಿಂದಲೇ ಸಾಧ್ಯ.

ನಿಮ್ಮ ಬೋಟ್‌ನಲ್ಲಿ ಬಕೆಟ್‌ಗೆ ಬೇರೆಯೇ ಲಿವರ್ ಇದ್ದರೆ ಕೆಲಸ ಸುಲಭ. ಎಂಜಿನ್ನನ್ನು ಐಡಲ್‌ಗಿಂತ ಕೆಲವು ನೂರು ಸುತ್ತು ಮೇಲಿಟ್ಟು ಅಲ್ಲೇ ಬಿಡಿ. ಎಡಗೈ ಸ್ಟಿಯರಿಂಗ್ ಮೇಲೆ, ಬಲಗೈ ಬಕೆಟ್ ಲಿವರ್ ಮೇಲೆ. ವೇಗ ಹೆಚ್ಚೆನಿಸಿದರೆ ಬಕೆಟ್ ಒಂದು ಬೆರಳಿನಷ್ಟು ಇಳಿಸಿ, ಕಡಿಮೆಯಾಯಿತೆನಿಸಿದರೆ ಅಷ್ಟೇ ಏರಿಸಿ. ಎಂಜಿನ್‌ನ ಸದ್ದು ಒಂದೇ ಸಮನೆ ಕೇಳುತ್ತಿರಬೇಕು. ಸದ್ದು ಏರಿಳಿಯುತ್ತಿದೆ ಎಂದರೆ ನೀವು ಮತ್ತೆ ಥ್ರಾಟಲ್‌ಗೆ ಕೈ ಹಾಕಿದ್ದೀರಿ ಎಂದೇ ಅರ್ಥ. ಥ್ರಾಟಲ್ ಮತ್ತು ಬಕೆಟ್ ಒಂದೇ ಲಿವರ್‌ನಲ್ಲಿದ್ದರೆ ಇಷ್ಟು ನಯವಾದ ಹಿಡಿತ ಸಿಗುವುದಿಲ್ಲ. ಅಲ್ಲಿ ಮೊದಲು ಸ್ಟಿಯರಿಂಗ್ ತಿರುಗಿಸಿ, ಆಮೇಲೆ ಒಂದು ಚಿಕ್ಕ ತಳ್ಳು ಕೊಟ್ಟು, ಮತ್ತೆ ನ್ಯೂಟ್ರಲ್‌ಗೆ ತರಬೇಕು. ಈ ಕ್ರಮ ಬಹಳ ಮುಖ್ಯ. ತಳ್ಳು ಕೊಟ್ಟ ಮೇಲೆ ಸ್ಟಿಯರಿಂಗ್ ತಿರುಗಿಸಿದರೆ ಬೋಟ್ ಮೊದಲು ನೇರವಾಗಿ ಮುನ್ನುಗ್ಗಿ, ನೀವು ತಪ್ಪಿಸಬೇಕೆಂದಿದ್ದ ವಸ್ತುವಿಗೆ ಇನ್ನಷ್ಟು ಹತ್ತಿರವಾಗುತ್ತದೆ.

ಇನ್ನು ರಿವರ್ಸ್. ನಿಮ್ಮ ಪ್ರಶ್ನೆಯ ತಿರುಳು ಇಲ್ಲೇ ಇರುವುದರಿಂದ ಸ್ವಲ್ಪ ನಿಂತು ನೋಡೋಣ. ಔಟ್‌ಬೋರ್ಡ್‌ನಲ್ಲಿ ರಿವರ್ಸ್ ಹಾಕಿ ಎಡಕ್ಕೆ ತಿರುಗಿಸಿದರೆ ಪ್ರೊಪೆಲ್ಲರ್ ಹಿಂಭಾಗವನ್ನು ಎಡಕ್ಕೆ ಎಳೆದೊಯ್ಯುತ್ತದೆ. ಕಾರನ್ನು ಹಿಂದಕ್ಕೆ ತೆಗೆಯುವಾಗಲೂ ಹಾಗೆಯೇ. ಜೆಟ್‌ನಲ್ಲಿ ನಾಜಲ್ ಎಡಕ್ಕೆ ಹೊರಳಿದಾಗ ನೀರು ಎಡಕ್ಕೆ ವಾಲಿಯೇ ಬಂದು ಬಕೆಟ್‌ಗೆ ಬಡಿಯುತ್ತದೆ. ಬಕೆಟ್ ಆ ನೀರಿನ ಹಿಂದಕ್ಕೆ ಹೋಗುವ ಓಟವನ್ನು ಮುಂದಕ್ಕೆ ತಿರುಗಿಸುತ್ತದೆ, ಎಡಕ್ಕಿರುವ ವಾಲಿಕೆಯನ್ನು ಹಾಗೆಯೇ ಬಿಡುತ್ತದೆ. ನೀರು ಎಡಕ್ಕೆ ಹೋದರೆ ಹಿಂಭಾಗ ಬಲಕ್ಕೇ ಹೋಗಬೇಕು. ಅಂದರೆ ಮುಂದಕ್ಕೆ ಹೋಗುವಾಗ ಆದದ್ದೇ ಇಲ್ಲಿಯೂ ಆಗುತ್ತದೆ: ಸ್ಟಿಯರಿಂಗ್ ಎಡಕ್ಕಿದ್ದರೆ ಮೂತಿ ಎಡಕ್ಕೆ, ಹಿಂಭಾಗ ಬಲಕ್ಕೆ. ಈಗ ನಿಮ್ಮ ದಕ್ಕೆಯ ಘಟನೆಗೆ ಇದನ್ನು ಹೊಂದಿಸಿ ನೋಡಿ. ದಕ್ಕೆ ಎಡಕ್ಕೆ, ಸ್ಟಿಯರಿಂಗ್ ಎಡಕ್ಕೆ, ಬಕೆಟ್ ಕೆಳಗೆ. ಹಿಂಭಾಗ ಬಲಕ್ಕೆ, ಅಂದರೆ ಹೊಳೆಯ ಕಡೆಗೆ ಚಾಚಿತು. ಮೂತಿ ಎಡಕ್ಕೆ ಹೊರಳಿ ದಕ್ಕೆಗೆ ತಾಗಿತು. ನೀವು ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿ ರಿವರ್ಸ್ ಹಾಕಿದ್ದರೆ ಬೋಟ್ ನಿಲ್ಲುತ್ತಲೂ ಇತ್ತು, ಹಿಂಭಾಗ ತಾನಾಗಿ ದಕ್ಕೆಗೆ ಒರಗುತ್ತಲೂ ಇತ್ತು.

ಎಲ್ಲ ಬೋಟ್‌ಗಳೂ ಹೀಗೆಯೇ ಎಂದು ಕಣ್ಣುಮುಚ್ಚಿ ನಂಬಬೇಡಿ. ಬಕೆಟ್‌ನ ಕೀಲು ಎಲ್ಲಿದೆ ಎಂಬುದರ ಮೇಲೆ ಇದು ನಿಂತಿದೆ. ಕೀಲು ಅಲುಗಾಡದ ಪಂಪಿನ ಒಡಲಿನ ಮೇಲಿದ್ದರೆ ಮೇಲೆ ಹೇಳಿದ ಹಾಗೆ ನಡೆಯುತ್ತದೆ. ಬಕೆಟ್ ನಾಜಲ್‌ಗೇ ಜೋಡಣೆಯಾಗಿ ಅದರ ಜೊತೆಗೇ ಎಡಬಲಕ್ಕೆ ಹೊರಳುವಂತಿದ್ದರೆ, ನಾಜಲ್ ಎಡಕ್ಕೆ ತಿರುಗಿದಾಗ ನೀರು ಮುಂದಕ್ಕೆ ಮತ್ತು ಬಲಕ್ಕೆ ಹೋಗುತ್ತದೆ, ಆಗ ಬೋಟ್ ಔಟ್‌ಬೋರ್ಡ್‌ನ ಹಾಗೆಯೇ ವರ್ತಿಸುತ್ತದೆ. ನೀವು ಬರೆದ ಘಟನೆ ನೋಡಿದರೆ ನಿಮ್ಮದು ಮೊದಲನೆಯ ಬಗೆ. ಆದರೂ ಬೋಟ್ ದಡದಲ್ಲಿರುವಾಗ ಹಿಂದೆ ನಿಂತು ಒಮ್ಮೆ ಕೀಲನ್ನು ನೋಡಿಕೊಳ್ಳಿ. ಮುಂದೆ ಬೇರೆಯವರ ಜೆಟ್ ಬೋಟ್ ನಡೆಸುವ ಸಂದರ್ಭ ಬಂದರೆ ದಕ್ಕೆ ಬಿಡುವ ಮೊದಲೇ ಈ ಒಂದು ಜಾಗ ನೋಡುವ ಅಭ್ಯಾಸ ನಿಮ್ಮನ್ನು ಕಾಯುತ್ತದೆ.

ಮೂತಿ ಯಾವಾಗಲೂ ಸ್ಟಿಯರಿಂಗ್‌ನ ಕಡೆಗೇ ಹೋಗುತ್ತದೆ ಎಂಬುದು ತೊಡಕಲ್ಲ, ದೊಡ್ಡ ಅನುಕೂಲ. ಇಕ್ಕಟ್ಟಿನ ಜಾಗದಲ್ಲಿ ಬೋಟ್ ತಿರುಗಿಸಬೇಕಾದಾಗ ಔಟ್‌ಬೋರ್ಡ್‌ನವರು ಮುಂದಕ್ಕೆ ಒಂದು ಸಲ, ಹಿಂದಕ್ಕೆ ಒಂದು ಸಲ ಸ್ಟಿಯರಿಂಗ್ ಬದಲಾಯಿಸುತ್ತಲೇ ಇರಬೇಕು. ನಿಮಗೆ ಆ ಕೆಲಸವಿಲ್ಲ. ಸ್ಟಿಯರಿಂಗನ್ನು ಬೇಕಾದ ಕಡೆಗೆ ಪೂರ್ತಿ ತಿರುಗಿಸಿ ಅಲ್ಲೇ ಹಿಡಿದುಕೊಳ್ಳಿ. ಬಳಿಕ ಮುಂದಕ್ಕೆ ಸ್ವಲ್ಪ, ಹಿಂದಕ್ಕೆ ಸ್ವಲ್ಪ, ಮತ್ತೆ ಮುಂದಕ್ಕೆ ಸ್ವಲ್ಪ. ಎರಡೂ ಗತಿಯಲ್ಲಿ ಮೂತಿ ಒಂದೇ ಕಡೆಗೆ ಸುತ್ತುತ್ತ ಹೋಗುತ್ತದೆ, ಬೋಟ್ ತನ್ನ ಉದ್ದದಷ್ಟೇ ಜಾಗದಲ್ಲಿ ತಿರುಗಿ ನಿಲ್ಲುತ್ತದೆ. ಇದನ್ನು ಮೊದಲ ಸಲ ಸರಿಯಾಗಿ ಮಾಡಿದವರ ಮುಖ ಅರಳುವುದನ್ನು ನೋಡುವುದು ನನಗೆ ಇಂದಿಗೂ ಸಂತೋಷದ ವಿಷಯ.

ಹಿಂದಕ್ಕೆ ಓಡುತ್ತಲೇ ತಿರುಗಿಸುವ ಪ್ರಯತ್ನ ಬೇಡ. ಬೋಟ್ ಹಿಂದಕ್ಕೆ ಸರಿಯುವಾಗ ಅದು ಸುತ್ತುವ ಬಿಂದುವೂ ಹಿಂಭಾಗದ ಹತ್ತಿರಕ್ಕೆ ಬಂದಿರುತ್ತದೆ. ನಾಜಲ್‌ನ ತಳ್ಳು ಅಲ್ಲೇ ಪಕ್ಕದಲ್ಲಿ ಬೀಳುವುದರಿಂದ ತಿರುಗಿಸುವ ಶಕ್ತಿ ಕುಗ್ಗುತ್ತದೆ, ಮೂತಿ ಮಾತ್ರ ಗಾಳಿ ಬೀಸಿದತ್ತ ಅಗಲವಾಗಿ ಬೀಸುತ್ತದೆ. ಮೊದಲು ನಿಲ್ಲಿಸಿ. ನಿಂತಲ್ಲೇ ಬೇಕಾದ ದಿಕ್ಕಿಗೆ ತಿರುಗಿಸಿಕೊಳ್ಳಿ. ಆಮೇಲೆ ಸ್ಟಿಯರಿಂಗ್ ನೇರ ಮಾಡಿ ಹಿಂದಕ್ಕೆ ಬನ್ನಿ. ದಿಕ್ಕು ತಪ್ಪಿತೇ, ಮತ್ತೆ ನಿಲ್ಲಿಸಿ.

ರಿವರ್ಸ್‌ನಲ್ಲಿ ಎಂಜಿನ್ ಕೂಗಿಸಿದರೆ ಹೆಚ್ಚು ಬಲ ಬರುತ್ತದೆ ಎಂಬುದು ಅನೇಕರ ಎಣಿಕೆ. ಹಾಗಾಗುವುದಿಲ್ಲ. ನೀರನ್ನು ಅಷ್ಟು ತೀವ್ರವಾಗಿ ಮಡಚಿ ಮುಂದಕ್ಕೆ ಕಳಿಸುವುದರಲ್ಲೇ ಬಹುಪಾಲು ಶಕ್ತಿ ಸೋರಿಹೋಗುತ್ತದೆ. ಸಣ್ಣ ಬೋಟ್‌ನಲ್ಲಿ ಮುಂದಕ್ಕೆ ಸಿಗುವ ಬಲದ ಅರ್ಧ ಸಿಕ್ಕರೆ ಅದೇ ದೊಡ್ಡದು. ಮೇಲಾಗಿ ಆ ನೀರು ಬೋಟ್‌ನ ಅಡಿಗೇ ಹೋಗುತ್ತದೆ, ಹೋಗುವಾಗ ಗಾಳಿಯನ್ನು ಬೆರೆಸಿಕೊಂಡು ನೊರೆಯಾಗಿರುತ್ತದೆ. ಕೆಳಗಿನ ಜಾಲರಿ ಅದೇ ನೊರೆಯನ್ನು ಮತ್ತೆ ಹೀರಿಕೊಂಡರೆ ಇಂಪೆಲ್ಲರ್‌ಗೆ ಹಿಡಿಯಲು ಗಟ್ಟಿ ನೀರು ಸಿಗುವುದಿಲ್ಲ. ಎಂಜಿನ್ ಸದ್ದು ಥಟ್ಟನೆ ಏರುತ್ತದೆ, ಬೋಟ್ ಕದಲುವುದಿಲ್ಲ. ಹಾಗಾದಾಗ ಥ್ರಾಟಲ್ ಇಳಿಸಿ, ನೊರೆ ಚದುರಲು ಎರಡು ಉಸಿರಿನಷ್ಟು ಸಮಯ ಕೊಟ್ಟು, ಮತ್ತೆ ಮೆಲ್ಲಗೆ ಪ್ರಯತ್ನಿಸಿ. ವೇಗದಲ್ಲಿ ಹೋಗುತ್ತಿರುವಾಗ ಬಕೆಟ್ ಧೊಪ್ಪನೆ ಇಳಿಸುವುದಂತೂ ಕೂಡದು. ಮೂತಿ ನೀರಿಗೆ ಮುಳುಗಿ ಕುಳಿತವರು ಮುಂದಕ್ಕೆ ಎಸೆಯಲ್ಪಡುತ್ತಾರೆ. ಬಕೆಟನ್ನೇ ಬ್ರೇಕ್ ಆಗಿ ಬಳಸುವ ವ್ಯವಸ್ಥೆಯನ್ನು ಸೀ-ಡೂ ಕಂಪನಿ 2009ರಲ್ಲಿ ತನ್ನ ಜಲವಾಹನಗಳಿಗೆ ತಂದಿತು. ಅಲ್ಲಿ ಬಕೆಟ್ ಎಷ್ಟು ಇಳಿಯಬೇಕು, ಎಂಜಿನ್ ಎಷ್ಟು ಓಡಬೇಕು ಎಂಬುದನ್ನು ಕಂಪ್ಯೂಟರ್ ನೋಡಿಕೊಳ್ಳುತ್ತದೆ. ಕೇಬಲ್ ಎಳೆಯುವ ಹಳೆಯ ಬೋಟ್‌ನಲ್ಲಿ ಆ ಸಾಹಸ ಬೇಡ.

ಕೋಡಿಬೆಂಗ್ರೆಯಲ್ಲಿ ಸುವರ್ಣಾ ಮತ್ತು ಸೀತಾ ಹೊಳೆಗಳು ಕೂಡಿ ಸಮುದ್ರ ಸೇರುತ್ತವೆ. ಅಳಿವೆಬಾಗಿಲು ಹತ್ತಿರವಿರುವುದರಿಂದ ಭರತಕ್ಕೆ ಒಂದು ಹರಿವು, ಇಳಿತಕ್ಕೆ ಇನ್ನೊಂದು ಹರಿವು, ಇದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಈ ತಿಳಿವಳಿಕೆಯನ್ನು ಜೆಟ್‌ಗೆ ಹೀಗೆ ಬಳಸಿಕೊಳ್ಳಿ. ದಕ್ಕೆಗೆ ಯಾವಾಗಲೂ ಹರಿವಿಗೆ ಎದುರಾಗಿ ಬನ್ನಿ. ಹರಿವಿನ ವಿರುದ್ಧ ಒಂದೇ ಜಾಗದಲ್ಲಿ ನಿಲ್ಲಬೇಕಾದರೂ ಎಂಜಿನ್ ದುಡಿಯಬೇಕು, ಎಂಜಿನ್ ದುಡಿಯುವಷ್ಟು ಹೊತ್ತು ಸ್ಟಿಯರಿಂಗ್ ಜೀವಂತವಾಗಿರುತ್ತದೆ. ಹರಿವಿನ ಜೊತೆಗೆ ಬಂದರೆ ಇದು ತಲೆಕೆಳಗಾಗುತ್ತದೆ. ನೀರೇ ನಿಮ್ಮನ್ನು ಹೊತ್ತು ತರುತ್ತದೆ, ಥ್ರಾಟಲ್ ಕೊಡಲು ಭಯ, ಕೊಡದಿದ್ದರೆ ದಿಕ್ಕಿಲ್ಲ. ಹರಿವು ಮಂದವಾಗಿ ಗಾಳಿ ಜೋರಾಗಿದ್ದರೆ ಗಾಳಿಗೆ ಎದುರಾಗಿ ಬನ್ನಿ. ಜೆಟ್ ಬೋಟ್‌ನ ತಳ ಆಳಕ್ಕೆ ಇಳಿದಿರುವುದಿಲ್ಲ, ನೀರನ್ನು ಹಿಡಿದು ನಿಲ್ಲಲು ಕೆಳಗೆ ಏನೂ ಇಲ್ಲ. ಮಧ್ಯಾಹ್ನದ ಮೇಲೆ ಪಡುವಣ ಗಾಳಿ ಎದ್ದಾಗ ಬೋಟ್ ಅಡ್ಡಕ್ಕೆ ಸರಿಯುತ್ತಲೇ ಇರುತ್ತದೆ, ಅದರಲ್ಲೂ ಹಗುರವಾದ ಮೂತಿ ಮೊದಲು ಸರಿಯುತ್ತದೆ.

ದಕ್ಕೆ ಎಡಕ್ಕಿದ್ದು ಹರಿವು ಎದುರಿನಿಂದ ಬರುತ್ತಿದೆ ಎಂದುಕೊಳ್ಳಿ. ದೂರದಿಂದಲೇ ನಡಿಗೆಯ ವೇಗಕ್ಕೆ ಇಳಿದು, ದಕ್ಕೆಗೆ ಸುಮಾರು 20-30 ಡಿಗ್ರಿ ಓರೆಯಾಗಿ ಬನ್ನಿ. ಬೋಟ್‌ನ ಉದ್ದದಷ್ಟು ಅಂತರ ಉಳಿದಾಗ ಬಕೆಟ್ ಇಳಿಸುತ್ತ ವೇಗವನ್ನು ಬಹುತೇಕ ಸೊನ್ನೆಗೆ ತನ್ನಿ. ಮೂತಿ ದಕ್ಕೆಗೆ ಕೈಗೆಟಕುವಷ್ಟು ಹತ್ತಿರವಾಗುವಾಗ ಸ್ಟಿಯರಿಂಗನ್ನು ಬಲಕ್ಕೆ, ದಕ್ಕೆಯಿಂದ ಆಚೆಗೆ, ಪೂರ್ತಿ ತಿರುಗಿಸಿ. ಮುಂದಕ್ಕೆ ಒಂದು ಚಿಕ್ಕ ತಳ್ಳು. ಮೂತಿ ಹೊರಕ್ಕೆ ಹೋಗುತ್ತದೆ, ಹಿಂಭಾಗ ಒಳಕ್ಕೆ ಬರುತ್ತದೆ. ಸ್ಟಿಯರಿಂಗನ್ನು ಅಲ್ಲಿಂದ ಕದಲಿಸದೆ ಬಕೆಟ್ ಇಳಿಸಿ. ಬೋಟ್ ನಿಲ್ಲುತ್ತದೆ, ಹಿಂಭಾಗ ಇನ್ನೂ ಸ್ವಲ್ಪ ಒಳಕ್ಕೆ ಸರಿದು ದಕ್ಕೆಯ ಟಯರ್‌ಗೆ ಒರಗುತ್ತದೆ. ಮೊದಲು ಹಿಂದಿನ ಹಗ್ಗ ಕಟ್ಟುವ ಆಸೆ ಬಿಟ್ಟು, ಹರಿವಿಗೆ ಎದುರಾಗಿರುವ ಮುಂದಿನ ಹಗ್ಗ ಕಟ್ಟಿ. ಮುಂದಿನದನ್ನು ಬಿಟ್ಟು ಹಿಂದಿನದನ್ನು ಕಟ್ಟಿದರೆ ಹರಿವು ಮೂತಿಯನ್ನು ಹಿಡಿದು ಬೋಟನ್ನೇ ತಿರುಗಿಸಿಬಿಡುತ್ತದೆ.

ದಕ್ಕೆ ಬಿಟ್ಟು ಹೊರಡುವಾಗ ಕೈಯಿಂದಲೋ ಗಳದಿಂದಲೋ ಮೂತಿಯನ್ನು ಹೊರಕ್ಕೆ ನೂಕಿ, ಹರಿವು ಅದನ್ನು ಸ್ವಲ್ಪ ಬಿಡಿಸಿದ ಮೇಲೆ ಮೆಲ್ಲಗೆ ಮುಂದಕ್ಕೆ ಹೋಗಿ. ಹೊರಟ ಕೂಡಲೇ ಸ್ಟಿಯರಿಂಗ್ ಜೋರಾಗಿ ತಿರುಗಿಸಿದರೆ ಹಿಂಭಾಗ ದಕ್ಕೆಗೆ ಉಜ್ಜುತ್ತದೆ.

ಈಗ ನಿಧಾನದಲ್ಲಿ ಮೂತಿ ಅಲೆಯುವ ವಿಷಯ. ಸ್ವಲ್ಪ ಅಲೆದಾಟ ಎಲ್ಲ ಜೆಟ್ ಬೋಟ್‌ಗಳಿಗೂ ಇದ್ದದ್ದೇ. ನಡೆಸುವವರು ಅದನ್ನು ಇಮ್ಮಡಿ ಮಾಡಿಕೊಳ್ಳುತ್ತಾರೆ. ಮೂತಿ ಎಡಕ್ಕೆ ಹೋಯಿತೆಂದು ಬಲಕ್ಕೆ ತಿರುಗಿಸುತ್ತಾರೆ. ಬೋಟ್ ತಡವಾಗಿ ಸ್ಪಂದಿಸುತ್ತದೆ, ಅಷ್ಟರಲ್ಲಿ ಇನ್ನಷ್ಟು ಬಲಕ್ಕೆ ತಿರುಗಿಸಿರುತ್ತಾರೆ. ಆಮೇಲೆ ಮೂತಿ ಅತಿಯಾಗಿ ಬಲಕ್ಕೆ ಹೊರಳಿ ಮತ್ತೆ ಎಡಕ್ಕೆ ಓಟ. ಮೂತಿಯನ್ನು ನೋಡುವುದು ಬಿಟ್ಟು ದೂರದ ಒಂದು ತೆಂಗಿನ ಮರವನ್ನು ಗುರಿಯಾಗಿಟ್ಟುಕೊಳ್ಳಿ. ಸ್ಟಿಯರಿಂಗನ್ನು ಸ್ವಲ್ಪ ತಿರುಗಿಸಿ, ಬೋಟ್ ಹೊರಳಲು ಆರಂಭಿಸಿದ ಕೂಡಲೇ ನೇರಕ್ಕೆ ತಂದು ಕಾಯಿರಿ. ಭಾರ ಮುಂದೆ ಹೆಚ್ಚಾದರೂ ಅಲೆದಾಟ ಹೆಚ್ಚುತ್ತದೆ, ಏಕೆಂದರೆ ಮುಳುಗಿದ ಮೂತಿ ತಾನೇ ನೀರನ್ನು ಹಿಡಿದು ದಾರಿ ನಿರ್ಧರಿಸತೊಡಗುತ್ತದೆ. ಪ್ರವಾಸಿಗರು ಫೋಟೋಕ್ಕಾಗಿ ಮುಂದೆ ಗುಂಪುಗೂಡಿದ್ದರೆ ದಕ್ಕೆ ಹತ್ತಿರವಾಗುವ ಮೊದಲು ವಿನಯದಿಂದಲೇ ಅವರನ್ನು ಹಿಂದಕ್ಕೆ ಕೂರಿಸಿ.

ಇಷ್ಟಾದರೂ ಸರಿಹೋಗದಿದ್ದರೆ ಬೋಟನ್ನೇ ನೋಡಬೇಕು. ಎಂಜಿನ್ ಬಂದ್ ಮಾಡಿ, ಕಿಲ್ ಸ್ವಿಚ್‌ನ ಹಗ್ಗ ಕಳಚಿ ಜೇಬಿಗೆ ಹಾಕಿಕೊಂಡು, ಹಿಂಭಾಗದಲ್ಲಿ ಕುಳಿತುಕೊಳ್ಳಿ. ಇನ್ನೊಬ್ಬರು ಲಿವರ್ ಆಡಿಸಲಿ. ಮುಂದಕ್ಕೆ ಹಾಕಿದಾಗ ಬಕೆಟ್‌ನ ಅಂಚು ನಾಜಲ್‌ನ ಬಾಯಿಗೆ ಒಂದಿಷ್ಟೂ ಅಡ್ಡ ಬರಬಾರದು. ರಿವರ್ಸ್‌ಗೆ ಹಾಕಿದಾಗ ಬಾಯಿಯನ್ನು ಪೂರ್ತಿ ಮುಚ್ಚಬೇಕು. ಉಪ್ಪುನೀರಿನಲ್ಲಿ ದುಡಿದ ಹಳೆಯ ಕೇಬಲ್ ಒಳಗೇ ತುಕ್ಕು ಹಿಡಿದು ಬಿಗಿಯಾಗಿರುತ್ತದೆ, ಲಿವರ್ ಕೊನೆ ಮುಟ್ಟಿದರೂ ಬಕೆಟ್ ಎರಡು ಬೆರಳು ಮೇಲೆಯೇ ನಿಂತಿರುತ್ತದೆ. ನಡೆಸುವವರಿಗೆ ಇದು ತಿಳಿಯುವುದೇ ಇಲ್ಲ, ರಿವರ್ಸ್‌ಗೆ ಬಲವಿಲ್ಲ ಎಂದಷ್ಟೇ ಅನ್ನಿಸುತ್ತದೆ. ಆಮೇಲೆ ಸ್ಟಿಯರಿಂಗ್ ನೇರವಿಟ್ಟಾಗ ನಾಜಲ್ ನಟ್ಟನಡುವೆ ಇದೆಯೇ, ಎಡಕ್ಕೆ ಹೋದಷ್ಟೇ ಬಲಕ್ಕೂ ಹೋಗುತ್ತದೆಯೇ ನೋಡಿ. ನಾಜಲನ್ನು ಕೈಯಲ್ಲಿ ಹಿಡಿದು ಅಲುಗಿಸಿ. ಲೊಡಲೊಡ ಎಂದರೆ ಕೀಲಿನ ಬುಷ್ ಸವೆದಿದೆ, ನೀವು ಅಲೆದಾಟ ಎನ್ನುತ್ತಿರುವುದರ ಅರ್ಧ ಪಾಲು ಅದೇ ಇರಬಹುದು. ನ್ಯೂಟ್ರಲ್‌ನಲ್ಲಿ ಬೋಟ್ ಮುಂದಕ್ಕೋ ಹಿಂದಕ್ಕೋ ತೆವಳುತ್ತಿದ್ದರೆ ಕೇಬಲ್‌ನ ತುದಿಯಲ್ಲಿ ಹೊಂದಿಸಿಕೊಳ್ಳಬಹುದು. ಪೂರ್ತಿ ನಿಲ್ಲಿಸಲು ಆಗುವುದಿಲ್ಲ. ಜನ ನೀರಿಗಿಳಿದಿರುವಾಗ ನ್ಯೂಟ್ರಲ್ ನಂಬಿ ಕೂರದೆ ಎಂಜಿನ್ ಬಂದ್ ಮಾಡಲೇಬೇಕೆಂದು ನಾನು ಒತ್ತಿ ಹೇಳುವುದು ಇದಕ್ಕೇ.

ಇಂಪೆಲ್ಲರ್‌ನ ಸುತ್ತ ಒಂದು ಉಂಗುರವಿದೆ. ಇಂಪೆಲ್ಲರ್ ಅಲಗಿನ ತುದಿಗೂ ಉಂಗುರಕ್ಕೂ ನಡುವೆ ಕೂದಲೆಳೆಯಷ್ಟು ಅಂತರ ಮಾತ್ರ ಇರಬೇಕು. ಅಳಿವೆಯ ಮರಳು ಇದನ್ನು ಸವೆಸುತ್ತದೆ. ಸವೆದಂತೆ ನೀರು ಹಿಂದಕ್ಕೆ ಸೋರಿ, ತಳ್ಳು ತೆಳ್ಳಗಾಗಿ, ನಿಧಾನದಲ್ಲಿ ಸ್ಟಿಯರಿಂಗ್ ಸತ್ತ ಹಾಗಾಗುತ್ತದೆ. ರಿವರ್ಸ್ ಹಾಕಿದಾಗ ಈ ಅಪಾಯ ಇನ್ನೂ ಹೆಚ್ಚು. ಕೆಳಕ್ಕೂ ಮುಂದಕ್ಕೂ ಹೋಗುವ ನೀರು ತಳದ ಮರಳನ್ನು ಎಬ್ಬಿಸುತ್ತದೆ, ಎದುರಿಗಿರುವ ಜಾಲರಿ ಅದನ್ನೇ ಹೀರುತ್ತದೆ. ಬೋಟ್‌ನ ತಳದ ಕೆಳಗೆ ಕನಿಷ್ಠ 60ರಿಂದ 90 ಸೆಂಟಿಮೀಟರ್ ನೀರಿಲ್ಲದ ಕಡೆ ಎಂಜಿನ್ ಓಡಿಸಬೇಡಿ. ಇಳಿತದ ಹೊತ್ತಿಗೆ ಮರಳಿನ ದಿಬ್ಬದ ಬಳಿ ಬಿದಿರಿನ ಗಳವೇ ನಿಮ್ಮ ರಿವರ್ಸ್. ಮರುವಾಯಿ (ಚಿಪ್ಪುಮೀನು) ಹೆಕ್ಕುವವರು ಸೊಂಟದ ನೀರಿನಲ್ಲಿ ನಿಂತಿರುವ ಕಡೆಯಂತೂ ಹತ್ತಿರ ಹೋಗಲೇಬೇಡಿ. ರಿವರ್ಸ್ ಜೆಟ್ ಎಬ್ಬಿಸಿದ ನೀರು ಅವರ ಕಾಲಡಿಯ ಮರಳನ್ನೇ ಎಳೆದುಹಾಕಬಲ್ಲುದು.

ಜಾಲರಿಗೆ ಕಸ ಸಿಕ್ಕಿದರೂ ಇದೇ ಲಕ್ಷಣ: ಸದ್ದು ಹೆಚ್ಚು, ಬಲ ಕಡಿಮೆ, ಸ್ಟಿಯರಿಂಗ್ ಸಡಿಲ. ಮಳೆಗಾಲ ಮುಗಿದ ಮೊದಲ ವಾರಗಳಲ್ಲಿ ಹೊಳೆಯ ತುಂಬ ತೆಂಗಿನ ಗರಿ, ಸಿಪ್ಪೆಯ ನಾರು, ಹರಿದ ಬಲೆಯ ನೈಲಾನ್ ತೇಲಿಬರುತ್ತವೆ. ಪ್ರೊಪೆಲ್ಲರ್ ಆಗಿದ್ದರೆ ಹಿಂದಕ್ಕೆ ತಿರುಗಿಸಿ ಕಸ ಬಿಡಿಸಬಹುದಿತ್ತು. ಜೆಟ್‌ನಲ್ಲಿ ರಿವರ್ಸ್ ಹಾಕಿದರೂ ಇಂಪೆಲ್ಲರ್ ಅದೇ ದಿಕ್ಕಿಗೆ ತಿರುಗಿ ಇನ್ನಷ್ಟು ಎಳೆದುಕೊಳ್ಳುತ್ತದೆ. ಎಂಜಿನ್ ಬಂದ್ ಮಾಡಿ ಬೋಟನ್ನು ಅತ್ತಿತ್ತ ಅಲುಗಿಸಿದರೆ ಎಷ್ಟೋ ಸಲ ಕಸ ತಾನಾಗಿ ಕಳಚಿ ಬೀಳುತ್ತದೆ. ಎಂಜಿನ್ ಓಡುತ್ತಿರುವಾಗ ಜಾಲರಿಯ ಹತ್ತಿರ ಯಾರ ಕೈಯೂ ಹೋಗಕೂಡದು.

ಇಷ್ಟೆಲ್ಲ ತೊಂದರೆಯಿದ್ದರೆ ಇಂಥ ಬೋಟ್ ಮಾಡಿದ್ದೇಕೆ ಎಂದು ಕೇಳಬಹುದು. ನ್ಯೂಜಿಲೆಂಡ್‌ನ ವಿಲಿಯಂ ಹ್ಯಾಮಿಲ್ಟನ್ 1950ರ ದಶಕದಲ್ಲಿ ಇದನ್ನು ರೂಪಿಸಿದ್ದು ತಮ್ಮ ಊರಿನ ಕಲ್ಲು ತುಂಬಿದ, ಆಳವಿಲ್ಲದ, ರಭಸದ ನದಿಗಳಿಗಾಗಿ. ತಳದ ಕೆಳಗೆ ಏನೂ ಚಾಚಿಕೊಂಡಿರಬಾರದು ಎಂಬುದೇ ಅವರ ಹಟವಾಗಿತ್ತು. 1960ರಲ್ಲಿ ಇಂಥ ಬೋಟ್‌ಗಳು ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್‌ನ ಕೊಲೊರಾಡೊ ನದಿಯನ್ನು ಕೆಳಗಿನಿಂದ ಮೇಲಕ್ಕೆ ಏರಿದವು. 1977ರಲ್ಲಿ ಎಡ್ಮಂಡ್ ಹಿಲರಿ ಬಂಗಾಳ ಕೊಲ್ಲಿಯಿಂದ ಗಂಗೆಯ ಮೇಲ್ಮುಖವಾಗಿ ಹಿಮಾಲಯದ ಕಡೆಗೆ ಸಾಗಿದ್ದೂ ಜೆಟ್ ಬೋಟ್‌ಗಳಲ್ಲೇ. ನಮ್ಮ ಕುದ್ರುಗಳ (ಹೊಳೆಯ ನಡುಗಡ್ಡೆಗಳ) ನಡುವಿನ ತೆಳುನೀರಿಗೂ ಈ ಗುಣ ಒಪ್ಪುತ್ತದೆ. ಕೆಳಗೆ ಏನೂ ಇಲ್ಲದ ಆ ಗುಣಕ್ಕೆ ತೆರುವ ಬೆಲೆಯೇ ದಕ್ಕೆಯ ಬಳಿಯ ಈ ಕಷ್ಟ.

ಅಭ್ಯಾಸವನ್ನು ದಕ್ಕೆಯಲ್ಲಿ ಮಾಡಬೇಡಿ, ಹಂಗಾರಕಟ್ಟೆಯ ಬಾರ್ಜ್ ಓಡಾಡುವ ದಾರಿಯಲ್ಲೂ ಬೇಡ. ಬೆಳಗ್ಗೆ ಗಾಳಿ ಏಳುವ ಮೊದಲು, ಹೊಳೆ ಅಗಲವಾಗಿ ಆಳವಾಗಿರುವ ಕಡೆ, ಎರಡು ಖಾಲಿ ಕ್ಯಾನ್‌ಗಳನ್ನು ಹಗ್ಗದಿಂದ ಕೆಂಪುಕಲ್ಲಿಗೆ ಕಟ್ಟಿ ಬೋಟ್‌ನ ಉದ್ದದ ಎರಡರಷ್ಟು ಅಂತರದಲ್ಲಿ ತೇಲಿಬಿಡಿ. ಆ ಹಗ್ಗ ಸಡಿಲವಾಗಿ ನೀರಿನ ಮೇಲೆ ತೇಲದಿರಲಿ, ಜಾಲರಿ ಅದನ್ನೇ ಮೊದಲು ನುಂಗುತ್ತದೆ. ಕ್ಯಾನ್‌ಗಳ ನಡುವೆ ಬೋಟ್ ನಿಲ್ಲಿಸಿ, ಯಾವುದಕ್ಕೂ ತಾಗದಂತೆ ಎಡಕ್ಕೊಂದು ಪೂರ್ತಿ ಸುತ್ತು, ಬಲಕ್ಕೊಂದು ಸುತ್ತು. ಅದು ಕೈಗೆ ಬಂದ ಮೇಲೆ ಎರಡರ ನಡುವಿನಿಂದ ಹಿಂದಕ್ಕೆ ಬರುವುದು. ಕೊನೆಗೆ ಒಂದು ಕ್ಯಾನನ್ನೇ ದಕ್ಕೆ ಎಂದುಕೊಂಡು ಓರೆಯಾಗಿ ಬಂದು, ಹಿಂಭಾಗವನ್ನು ಅದರ ಪಕ್ಕಕ್ಕೆ ತಂದು ನಿಲ್ಲಿಸುವುದು. ಪ್ರವಾಸಿಗರನ್ನು ಹತ್ತಿಸಿಕೊಳ್ಳುವ ಮೊದಲು ಇದು ನಿಮಗೆ ಯೋಚಿಸದೆ ಬರಬೇಕು.

ಮುಂದೆ ಎರಡು ಎಂಜಿನ್‌ನ ಬೋಟ್ ಕೊಳ್ಳುವ ಯೋಚನೆಯಿದ್ದರೆ ಒಂದು ಮಾತು. ಎರಡು ಜೆಟ್ ಇದ್ದರೆ ಬೋಟನ್ನು ನೇರ ಅಡ್ಡಕ್ಕೂ ಸರಿಸಬಹುದು. ಎಡಕ್ಕೆ ಸರಿಯಬೇಕೆಂದರೆ ಎಡಗಡೆಯದು ರಿವರ್ಸ್, ಬಲಗಡೆಯದು ಮುಂದಕ್ಕೆ, ಸ್ಟಿಯರಿಂಗ್ ಬಲಕ್ಕೆ. ಎರಡು ಎಂಜಿನ್‌ಗಳು ಮೂತಿಯನ್ನು ಎಡಕ್ಕೆ ಸುತ್ತಿಸಲು ನೋಡುತ್ತವೆ, ನಾಜಲ್‌ಗಳು ಬಲಕ್ಕೆ ಸುತ್ತಿಸಲು ನೋಡುತ್ತವೆ, ಸುತ್ತುವಿಕೆ ಸರಿದೂಗಿ ಇಡೀ ಬೋಟ್ ಎಡಕ್ಕೆ ಜರುಗುತ್ತದೆ. ನೋಡಲು ಬಹಳ ಚೆಂದ. ಕಲಿಯಲು ತಾಳ್ಮೆ ಬೇಕು.

ಕೊನೆಗೆ ರೆಕ್ಕೆಯ ವಿಷಯ. ನಾಜಲ್‌ಗೆ ಜೋಡಿಸುವ ರೆಕ್ಕೆಗಳು ಚುಕ್ಕಾಣಿಯ ಕೆಲಸ ಮಾಡುತ್ತವೆ ಎಂಬುದು ನಿಜ. ಆದರೆ ಬೋಟ್ ಮುಂದಕ್ಕೆ ಚಲಿಸುತ್ತಿದ್ದು ನೀರು ಅವುಗಳ ಪಕ್ಕದಿಂದ ಹರಿದರೆ ಮಾತ್ರ. ನಿಧಾನವಾಗಿ ಮುಂದಕ್ಕೆ ಹೋಗುವಾಗಿನ ಅಲೆದಾಟ ತಗ್ಗುತ್ತದೆ, ಥ್ರಾಟಲ್ ಬಿಟ್ಟಾಗ ಸ್ವಲ್ಪ ದಿಕ್ಕು ಸಿಗುತ್ತದೆ. ನಿಂತಲ್ಲಿ ಅವುಗಳಿಂದ ಪ್ರಯೋಜನವಿಲ್ಲ, ರಿವರ್ಸ್‌ನಲ್ಲಿಯೂ ಹೆಚ್ಚೇನೂ ಇಲ್ಲ. ನಿಮ್ಮ ಬೋಟ್ ದಕ್ಕೆಗೆ ಗುದ್ದಿದ್ದು ರಿವರ್ಸ್‌ನಲ್ಲಿ, ರೆಕ್ಕೆ ಇದ್ದಿದ್ದರೂ ಗುದ್ದುತ್ತಿತ್ತು. ಆದ್ದರಿಂದ ಈಗ ರೆಕ್ಕೆಗೆ ದುಡ್ಡು ಹಾಕಬೇಡಿ. ಮೊದಲು ಕೇಬಲ್, ಬುಷ್ ಮತ್ತು ಉಂಗುರ ಸರಿಮಾಡಿಸಿ, ಕ್ಯಾನ್‌ಗಳ ನಡುವೆ ಕೈ ಪಳಗಿಸಿಕೊಳ್ಳಿ. ಅದಾದ ಮೇಲೂ ನಿಧಾನದ ಅಲೆದಾಟ ಕಾಡುತ್ತಿದ್ದರೆ, ತಳದ ಮಟ್ಟಕ್ಕಿಂತ ಕೆಳಗೆ ಇಳಿಯದ, ಏನಾದರೂ ತಾಗಿದರೆ ಮೇಲಕ್ಕೆ ಮಡಚಿಕೊಳ್ಳುವ ಬಗೆಯದನ್ನೇ ಆರಿಸಿ. ಕೂರಿಸಿದ ಮೇಲೆ ಬಕೆಟ್ ಪೂರ್ತಿ ಇಳಿಯುವಾಗಲೂ ಸ್ಟಿಯರಿಂಗ್ ಎರಡೂ ಕೊನೆ ಮುಟ್ಟುವಾಗಲೂ ರೆಕ್ಕೆ ಎಲ್ಲಿಯೂ ತಡೆಯುವುದಿಲ್ಲ ಎಂಬುದನ್ನು ದಡದಲ್ಲೇ ಆಡಿಸಿ ನೋಡಿ, ಆಮೇಲೆ ನೀರಿಗೆ ಇಳಿಸಿ.